ಕುದುರೆಯ ಗೊರಸು

ನಮ್ಮ ಕವಿಗಳಿಗೆ ಕುದುರೆಯ ಮೇಲೆ ಪ್ರೀತಿ ಬಹಳ. ಬಾಗಿದ ಕೊರಳು, ನಿಮಿರಿದ ಕಿವಿ, ಮಿರುಗುವ ಮೈ, ಗಾಳಿಗೆ ಹಾರುವ ಕೇಸರ, ಬಾಯಿಯ ನೊರೆ, ಇವನ್ನೆಲ್ಲ ಅವರು ಮನದಣಿಯೆ ವರ್ಣಿಸಿದ್ದಾರೆ. ಕಾಲಿನ ತುದಿಗೆ ಬಂದಾಗ ಮಾತ್ರ ಅವರ ಕಣ್ಣು ಗೊರಸಿನ ಮೇಲೆ ನಿಲ್ಲದೆ, ಅದು ಎಬ್ಬಿಸಿದ ಧೂಳಿಯ ಹಿಂದೆ ಹೋಗಿಬಿಡುತ್ತದೆ. ಖುರಪುಟದಿಂದೆದ್ದ ಧೂಳಿ ಸೂರ್ಯನನ್ನು ಮುಸುಕದ ಯುದ್ಧವರ್ಣನೆ ನಮ್ಮ ಹಳೆಯ ಕಾವ್ಯಗಳಲ್ಲಿ ವಿರಳ. ಆ ಗೊರಸಿನ ಅಡಿಯಲ್ಲಿ ಎಷ್ಟು ಲದ್ದಿ ಮೆತ್ತಿಕೊಂಡಿತ್ತು, ಯಾವ ಮೊಳೆ ಸಡಿಲವಾಗಿತ್ತು ಎಂದು ವಿಚಾರಿಸುವುದು ಕವಿಯ ಕೆಲಸವಲ್ಲ, ನಿಜ. ಅದು ಕುದುರೆಯನ್ನು ಸಾಕಿದವನ ಕೆಲಸ. ಮತ್ತು ಅವನ ಲಾಯದ ಬಾಗಿಲಿಗೆ ಹೋಗಿ ನಿಲ್ಲುವ ನನ್ನಂತಹ ಪಶುವೈದ್ಯನ ಕೆಲಸ.

ಈ ಕಾಲದಲ್ಲಿ ಕುದುರೆಯ ಕಾಲಿನ ಮಾತು ಯಾರಿಗೆ ಬೇಕು ಎಂಬ ಪ್ರಶ್ನೆ ಏಳಬಹುದು. ಬೇರೆ ಊರುಗಳಲ್ಲಿ ಉತ್ತರ ಹೇಳುವುದು ಕಷ್ಟವಾದೀತು. ಮೈಸೂರಿನಲ್ಲಿ ಅಷ್ಟು ಕಷ್ಟವಿಲ್ಲ. ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ಪಂದ್ಯದ ಕುದುರೆಗಳಿವೆ. ಪೊಲೀಸರ ಅಶ್ವಾರೋಹಿ ದಳ ಈ ಊರಿನಲ್ಲಿಯೇ ನೆಲೆಸಿದೆ. ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿಲೋಮೀಟರ್ ಗಟ್ಟಿ ರಸ್ತೆಯನ್ನು ಅದರ ಕುದುರೆಗಳು ತುಳಿಯುತ್ತವೆ. ಅರಮನೆಯ ನವರಾತ್ರಿ ಪೂಜೆಗಳಿಗೆ ಪಟ್ಟದ ಆನೆಯೊಡನೆ ಪಟ್ಟದ ಕುದುರೆಯೂ ಬರಬೇಕು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದ ದಳದೊಡನೆ ಸೇರಿ ಗೆದ್ದ ಮೈಸೂರು ಲ್ಯಾನ್ಸರ್ಸ್ ಮೈಸೂರು ಸಂಸ್ಥಾನದ ರಾವುತರು. ಇವೆಲ್ಲಕ್ಕಿಂತ ನಮಗೆ ಹತ್ತಿರವಾದದ್ದು ಅರಮನೆಯ ಸುತ್ತಿನಲ್ಲಿ ಪ್ರವಾಸಿಗರಿಗಾಗಿ ಕಾದು ನಿಲ್ಲುವ ಟಾಂಗಾದ ಕುದುರೆ. ಪಂದ್ಯದ ಕುದುರೆಗೂ ಪೊಲೀಸರ ಕುದುರೆಗೂ ಸೈಸನಿದ್ದಾನೆ, ವೈದ್ಯನಿದ್ದಾನೆ, ಸಂಬಳ ಪಡೆಯುವ ಲಾಳಗಾರನಿದ್ದಾನೆ. ಟಾಂಗಾದ ಕುದುರೆಗೆ ಇರುವವನು ಒಡೆಯನೊಬ್ಬನೇ. ಆದುದರಿಂದ ನನ್ನ ಮಾತು ಮುಖ್ಯವಾಗಿ ಆ ಕುದುರೆಯನ್ನು ಕುರಿತದ್ದು.

ನಾನು ಚಾಮರಾಜಪುರಂನಲ್ಲಿ ಬೆಳೆದವನು. ನಂಜನಗೂಡಿನ ಕಡೆಯ ರೈಲು ಬರುವ ಹೊತ್ತಿಗೆ ನಮ್ಮ ಪುಟ್ಟ ನಿಲ್ದಾಣದ ಹೊರಗೆ ಟಾಂಗಾಗಳು ಬಂದು ನಿಲ್ಲುತ್ತಿದ್ದವು. ಬಾಳೆಎಲೆಯ ಕಟ್ಟು, ತರಕಾರಿಯ ಕುಕ್ಕೆ, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಗಳು, ನ್ಯಾಯಾಲಯದ ಕೆಲಸಕ್ಕೆ ಬಂದ ಹಳ್ಳಿಯ ಯಜಮಾನರು, ಎಲ್ಲರಿಗೂ ಅದೇ ವಾಹನ. ಷಾ ಪಸಂದ್ ಎಂಬ ಸೊಗಸಿನ ಹೆಸರು ಹೊತ್ತ ಗಾಡಿಗಳೂ ಇದ್ದವು. ಅದನ್ನು ಹತ್ತುವವರ ಗತ್ತೇ ಬೇರೆ. ಆ ದಿನಗಳಲ್ಲಿ ಬೆಳಗ್ಗೆ ಹಾಸಿಗೆಯಲ್ಲಿದ್ದಾಗಲೇ ಬೀದಿಯಲ್ಲಿ ಹೋಗುತ್ತಿರುವುದು ಯಾವ ಸಾಹೇಬರ ಗಾಡಿ ಎಂದು ಸಪ್ಪಳದ ಮೇಲೆ ಹೇಳಬಲ್ಲವರು ನಮ್ಮ ಮನೆಯಲ್ಲಿದ್ದರು. ಅದು ಕಾಲಹರಣದ ವಿದ್ಯೆಯೆಂದು ನಾನು ತಿಳಿದಿದ್ದೆ. ವೈದ್ಯನಾದ ಮೇಲೆ, ಕುದುರೆಯ ಕುಂಟನ್ನು ಗುರುತಿಸುವ ಮೊದಲ ಸಾಧನ ಕಿವಿಯೇ ಎಂಬುದು ಗೊತ್ತಾಯಿತು. ಆಕಾಶವಾಣಿಯಲ್ಲಿ ಕುಳಿತು ಈ ಮಾತನ್ನು ಹೇಳಲು ನನಗೆ ವಿಶೇಷ ಸಂತೋಷ.

ಗೊರಸು ಎಂದರೇನು? ಕೈಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ನಡುವಿನ ಬೆರಳೊಂದನ್ನೇ ಊರಿ, ಉಳಿದ ಬೆರಳುಗಳನ್ನು ಮಡಚಿಕೊಳ್ಳಿ. ಆ ಬೆರಳಿನ ಉಗುರು ದಪ್ಪವಾಗಿ ಬೆಳೆದು ತುದಿಯನ್ನೆಲ್ಲ ಕುಲಾವಿಯಂತೆ ಸುತ್ತಿಕೊಂಡಿದೆ ಎಂದು ಭಾವಿಸಿ. ಕುದುರೆ ನಿಂತಿರುವುದು ಹೀಗೆಯೇ, ಒಂದೊಂದು ಕಾಲಿಗೆ ಒಂದೊಂದು ಬೆರಳಿನ ಮೇಲೆ. ಅದರ ಮುಂಗಾಲಿನ ಮೊಣಕಾಲೆಂದು ನಾವು ಕರೆಯುವುದು ನಿಜವಾಗಿ ಮಣಿಕಟ್ಟು. ಮುನ್ನೂರು ಕಿಲೋಗ್ರಾಂ ತೂಗುವ ಸಾಧಾರಣ ಟಾಂಗಾ ಕುದುರೆ ತನ್ನ ಭಾರದ ಸುಮಾರು ಶೇಕಡಾ 60 ಭಾಗವನ್ನು ಮುಂದಿನ ಎರಡು ಉಗುರುಗಳ ಮೇಲೆ ಹೊತ್ತಿರುತ್ತದೆ. ಹೊರಗಿನಿಂದ ಕಾಣುವ ಗೋಡೆಯಂತಹ ಭಾಗಕ್ಕೆ ನೋವಿಲ್ಲ. ನಮ್ಮ ಉಗುರಿನ ತುದಿಯ ಹಾಗೆ ಅದು ಕತ್ತರಿಸಿದರೂ ತಿಳಿಯದು. ಆದರೆ ಅದರ ಒಳಗಿನ ಮೈಗೆ ಅಂಟಿಕೊಂಡು, ಪುಸ್ತಕದ ಹಾಳೆಗಳಂತೆ ಸುಮಾರು 600 ಮಡಿಕೆಗಳಿವೆ. ಒಳಗಿನ ಮೂಳೆಯಿಂದ ಹೊರಟ ಅಂತಹವೇ ಮಡಿಕೆಗಳು ಇವುಗಳ ನಡುವೆ ಹೆಣೆದುಕೊಂಡಿವೆ. ಮೂಳೆ ಗೊರಸಿನ ತಳದ ಮೇಲೆ ಕುಳಿತಿಲ್ಲ. ಈ ಹೆಣಿಗೆಯಿಂದ ಗೋಡೆಗೆ ತೂಗುಬಿದ್ದಿದೆ. ಕುದುರೆಯ ಇಡೀ ಭಾರವನ್ನು ಹಿಡಿದಿರುವುದು ಆ ಹೆಣಿಗೆ.

ಕಾಲನ್ನೆತ್ತಿ ತಳವನ್ನು ನೋಡಿದರೆ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಚಾಚಿದ, ರಬ್ಬರಿನಂತೆ ಮೆತ್ತಗಿನ ತ್ರಿಕೋನವೊಂದು ಕಾಣುತ್ತದೆ. ಇದಕ್ಕೆ ಹೆಸರಿಡುವಲ್ಲಿ ಜಗತ್ತಿನ ಜನ ತಮ್ಮ ತಮ್ಮ ಕಣ್ಣಿಗೆ ಕಂಡಂತೆ ನಡೆದುಕೊಂಡಿದ್ದಾರೆ. ಇಂಗ್ಲಿಷರಿಗೆ ಅದು ಕಪ್ಪೆ, ಫ್ರೆಂಚರಿಗೆ ಪುಟ್ಟ ಕವಲುಗೋಲು, ಜರ್ಮನರಿಗೆ ಕಿರಣ, ಹಳೆಯ ಗ್ರೀಕರಿಗೆ ಕವಲುಬಾಲದ ಅಂಬರಗುಬ್ಬಿ. ನಾನು ಕನ್ನಡದಲ್ಲಿ ಮೆತ್ತೆ ಎಂದು ಕರೆಯುತ್ತೇನೆ, ಅದು ಮಾಡುವ ಕೆಲಸ ಅದೇ ಆದುದರಿಂದ. ಹೆಜ್ಜೆ ನೆಲಕ್ಕೆ ಬಿದ್ದಾಗ ಮೆತ್ತೆಯೂ ಅದರ ಮೇಲಿನ ದಿಂಬೂ ಪೆಟ್ಟನ್ನು ನುಂಗಿ, ಗೊರಸಿನೊಳಗಿನ ರಕ್ತವನ್ನು ಮೇಲಕ್ಕೆ ತಳ್ಳಲು ನೆರವಾಗುತ್ತವೆ. ನಡೆಯದೆ ನಿಂತ ಕುದುರೆಯ ಕಾಲು ಕೆಡುವುದಕ್ಕೆ ಇದೂ ಒಂದು ಕಾರಣ. ಮೆತ್ತೆಯ ಎರಡು ಮಗ್ಗುಲಿಗೂ ಆಳವಾದ ಗೆರೆಗಳಿವೆ, ನಡುವೆ ಒಂದು ಸೀಳು. ನಮ್ಮ ಕಥೆಯ ಕೇಡೆಲ್ಲ ಹುಟ್ಟುವುದು ಈ ಮೂರು ಸಂದುಗಳಲ್ಲಿ.

ಗೊರಸು ಬೆಳೆಯುವುದು ಮೇಲಿನಿಂದ ಕೆಳಕ್ಕೆ, ಕೂದಲು ಮುಗಿದು ಗೋಡೆ ತೊಡಗುವ ಅಂಚಿನಿಂದ. ತಿಂಗಳಿಗೆ ಹೆಚ್ಚೆಂದರೆ 8ರಿಂದ 10 ಮಿಲಿಮೀಟರ್. ಅಂಚಿನಲ್ಲಿ ಇಂದು ಹುಟ್ಟಿದ ಗೊರಸು ಮುಂದಿನ ತುದಿಗೆ ಬಂದು ನೆಲ ಮುಟ್ಟಲು 9 ತಿಂಗಳಿನಿಂದ ಒಂದು ವರ್ಷ ಬೇಕು. ಹೀಗಾಗಿ ಗೊರಸಿನ ಮೈಯಲ್ಲಿ ಕುದುರೆಯ ಒಂದು ವರ್ಷದ ದಿನಚರಿ ಇರುತ್ತದೆ. ಜ್ವರ ಬಂದದ್ದು, ಮೇವು ಬದಲಾದದ್ದು, ಬರಗಾಲದ ಒಣಹುಲ್ಲಿನಿಂದ ಮಳೆಗಾಲದ ಹಸಿರಿಗೆ ತಿರುಗಿದ್ದು, ಇವೆಲ್ಲ ಅಡ್ಡಗೆರೆಗಳಾಗಿ ಮೂಡುತ್ತವೆ. ಒಮ್ಮೆ ಒಬ್ಬ ವೃದ್ಧ ಟಾಂಗಾದವರು ತಮ್ಮ ಕುದುರೆ ಇತ್ತೀಚೆಗೆ ಮುಗ್ಗರಿಸುತ್ತದೆ ಎಂದು ತೋರಿಸಲು ಕರೆತಂದರು. ಮುಂಗಾಲುಗಳೆರಡರಲ್ಲಿಯೂ ಅಂಚಿನಿಂದ ಸುಮಾರು 4 ಸೆಂಟಿಮೀಟರ್ ಕೆಳಗೆ ಒಂದು ದಪ್ಪನೆಯ ಗೆರೆ. ಅದು ಹಿಮ್ಮಡಿಯ ಕಡೆಗೆ ಅಗಲವಾಗುತ್ತ ಹೋಗಿತ್ತು. “ನಾಲ್ಕೈದು ತಿಂಗಳ ಕೆಳಗೆ ಇದು ಹೊಟ್ಟೆ ಬಿರಿಯೆ ಏನಾದರೂ ತಿಂದಿತ್ತೆ, ಸಾಹೇಬರೆ?” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗಳ ನಿಕಾಹ್ ದಿನ ಹಗ್ಗ ಕಿತ್ಕೊಂಡು ಹುರುಳಿ ಚೀಲಕ್ಕೆ ಬಾಯಿ ಹಾಕಿತ್ತು ಸ್ವಾಮಿ. ಎರಡು ದಿನ ನಿಂತಲ್ಲೇ ನಿಂತಿತ್ತು. ಆಮೇಲೆ ಸರಿಹೋಯ್ತಲ್ಲ” ಎಂದರು. ಸರಿಹೋಗಿರಲಿಲ್ಲ. ಧಾನ್ಯ ಅತಿಯಾದಾಗ ಕರುಳಿನಲ್ಲಿ ಹುಳಿಯೆದ್ದು, ಅದರ ವಿಷ ಗೊರಸಿನ ಒಳಹೆಣಿಗೆಯನ್ನು ಸಡಿಲಿಸುತ್ತದೆ. ಆಗ ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನು ಹಿಂದಕ್ಕೆ ಹಾಕಿ, ಬಿಸಿನೆಲದ ಮೇಲೆ ನಿಂತವರಂತೆ ನಿಲ್ಲುತ್ತದೆ. ಅಂದೇ ವೈದ್ಯನನ್ನು ಕರೆದರೆ ಉಳಿಸಬಹುದು. ಹೆಣಿಗೆ ಕಿತ್ತು ಮೂಳೆ ಕೆಳಕ್ಕೆ ತಿರುಗಿದ ಮೇಲೆ ಯಾವ ಲಾಳಗಾರನೂ ಅದನ್ನು ಮೊದಲಿನಂತೆ ಮಾಡಲಾರ.

ಇದು ಅಪರೂಪದ ವಿಪತ್ತು. ದಿನದಿನದ ಶತ್ರು ಬೇರೆ, ಅದು ತೇವ. ಕುದುರೆ ಕುಂಟಾಗುವುದು ರಸ್ತೆಯಲ್ಲಿ ಎಂದು ಬಹಳ ಜನ ನಂಬಿದ್ದಾರೆ. ನನ್ನ ಅನುಭವದಲ್ಲಿ ಅದು ಕುಂಟಾಗುವುದು ಹೆಚ್ಚಾಗಿ ಲಾಯದಲ್ಲಿ. ರಸ್ತೆಯಲ್ಲಿ ಅದು ನಮಗೆ ಕಾಣುತ್ತದೆ, ಅಷ್ಟೆ. ಹಗಲು ಆರೆಂಟು ಗಂಟೆ ದುಡಿದ ಪ್ರಾಣಿ ಉಳಿದ ಹದಿನಾರು ಗಂಟೆ ಎಲ್ಲಿ ನಿಂತಿರುತ್ತದೆ ಎಂಬುದನ್ನು ನೋಡಬೇಕು. ಮನೆಯ ಪಕ್ಕದ ಗೋಡೆಗೆ ಒರಗಿಸಿದ ಒಂದು ತಗಡಿನ ಮಾಡು. ಕೆಳಗೆ ಗುಳಿಬಿದ್ದ ಮಣ್ಣು. ಗುಳಿಯಲ್ಲಿ ನಿಂತ ಮೂತ್ರ. ಅದರಲ್ಲಿ ಕಲಸಿಹೋದ ಲದ್ದಿ ಮತ್ತು ಹುಲ್ಲು. ಬೆಳಗಿನ ಹೊತ್ತು ಅಲ್ಲಿ ಬಗ್ಗಿದರೆ ಕಣ್ಣು ಉರಿಯುತ್ತದೆ. ನಮ್ಮ ಕಣ್ಣನ್ನು ಉರಿಸುವ ಆ ಕ್ಷಾರ ರಾತ್ರಿಯೆಲ್ಲ ಮೆತ್ತೆಯನ್ನು ನೆನೆಸುತ್ತಿರುತ್ತದೆ. ನೆನೆದ ಮೆತ್ತೆಯ ಸಂದಿಗೆ ಲದ್ದಿ ತುಂಬಿಕೊಂಡು ಗಾಳಿ ಸಂಚಾರ ತಪ್ಪಿದರೆ, ಗಾಳಿಯಿಲ್ಲದೆಡೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಮೆತ್ತೆ ಕೊಳೆಯುತ್ತದೆ, ಕಪ್ಪನೆಯ ಕೀಲೆಣ್ಣೆಯಂತಹ ದ್ರವ ಒಸರುತ್ತದೆ. ಅದರ ನಾತವನ್ನು ಒಮ್ಮೆ ಮೂಸಿದವನು ಜನ್ಮದಲ್ಲಿ ಮರೆಯಲಾರ. ಕೊಳೆ ಮೇಲೆಮೇಲಿದ್ದಾಗ ಕುದುರೆ ಕುಂಟುವುದಿಲ್ಲ. ಜೀವವಿರುವ ಪದರಕ್ಕೆ ತಾಗಿದ ದಿನ ಕುಂಟುತ್ತದೆ. ಒಡೆಯನ ಲೆಕ್ಕದಲ್ಲಿ ರೋಗ ಅಂದು ಬಂದದ್ದು. ಗೊರಸಿನ ಲೆಕ್ಕದಲ್ಲಿ ತಿಂಗಳ ಹಿಂದೆಯೇ ಬಂದದ್ದು.

ಇದು ಹೊಸ ತಿಳಿವೇನಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಲೇಖಕ, ಸ್ವತಃ ರಾವುತನಾಗಿದ್ದ ಕ್ಸೆನೊಫೋನ್, ಕುದುರೆ ಸವಾರಿಯ ಮೇಲೆ ಬರೆದ ಚಿಕ್ಕ ಗ್ರಂಥದಲ್ಲಿ ನಯವಾದ ತೇವದ ನೆಲ ಒಳ್ಳೆಯ ಗೊರಸನ್ನೂ ಕೆಡಿಸುತ್ತದೆಂದು ಎಚ್ಚರಿಸಿದ್ದಾನೆ. ಲಾಯದ ಹೊರಗೆ ನಾಲ್ಕೈದು ಬಂಡಿ ಉರುಟುಗಲ್ಲು ಸುರಿದು, ಅವು ಚೆದುರದಂತೆ ಸುತ್ತ ಕಬ್ಬಿಣದ ಪಟ್ಟಿ ಕೊಟ್ಟು, ಮೈ ತಿಕ್ಕುವಾಗ ಕುದುರೆಯನ್ನು ಅದರ ಮೇಲೆ ನಿಲ್ಲಿಸಿರಿ ಎಂಬುದು ಅವನ ಸಲಹೆ. ಅವನ ಕಾಲದ ಕುದುರೆಗೆ ಲಾಳವಿರಲಿಲ್ಲ, ಗೊರಸೇ ಗಟ್ಟಿಯಾಗಬೇಕಿತ್ತು. ನಮ್ಮಲ್ಲಿಯೂ ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರದ ದೊಡ್ಡ ಪರಂಪರೆಯೇ ಬೆಳೆಯಿತು. ಉತ್ತರದಲ್ಲಿ ಕುದುರೆ ವೈದ್ಯನಿಗೆ ಸಾಲೋತ್ರಿ ಎಂಬ ಹೆಸರು ಬಂದದ್ದು ಆ ಮುನಿಯಿಂದ. ಮೈಸೂರಿನಲ್ಲಿಯೇ 17ನೆಯ ಶತಮಾನದ ಮೊದಲ ಭಾಗದಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ, ಪದ್ಮಣಪಂಡಿತನು ಕುದುರೆಗಳನ್ನು ಕುರಿತು ‘ಹಯಸಾರಸಮುಚ್ಚಯ’ವನ್ನು ಬರೆದ. ಶಾಸ್ತ್ರಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಒಣಗಿದ ಒಂದು ಚೌಕ ನೆಲಕ್ಕೆ.

ಹಾಗಾದರೆ ಬಡ ಟಾಂಗಾದವನು ಏನು ಮಾಡಬೇಕು? ಗುಳಿಯನ್ನು ಮುಚ್ಚಿ, ಹಿಂಬದಿಗೆ ಬೆರಳೆರಡು ಬೆರಳಿನಷ್ಟು ಇಳಿಜಾರು ಕೊಟ್ಟು, ಒರಟು ಚಪ್ಪಡಿ ಹಾಸಬೇಕು. ಆಗದಿದ್ದರೆ ಜಲ್ಲಿ ಮತ್ತು ಗೊಚ್ಚುಮಣ್ಣು ಗುದ್ದಿ ಗಟ್ಟಿಮಾಡಬೇಕು. ಮೂತ್ರ ಹರಿದುಹೋಗಲು ಒಂದು ಕಿರಿದಾದ ಕಾಲುವೆ. ಮೇಲೆ ಒಣಹುಲ್ಲು ಅಥವಾ ಮರಕೊಯ್ಯುವ ಕಾರ್ಖಾನೆಯ ಹೊಟ್ಟು. ನೆನೆದದ್ದನ್ನು ಬೆಳಗ್ಗೆ ತೆಗೆದು, ನೆಲವನ್ನು ಹಗಲೆಲ್ಲ ಒಣಗಲು ಬಿಟ್ಟು, ಸಂಜೆ ಹೊಸದನ್ನು ಹರಡಬೇಕು. ಇದಕ್ಕೆ ತಗಲುವ ಖರ್ಚು ಒಮ್ಮೆ ಕುದುರೆ ಹದಿನೈದು ದಿನ ನಿಂತರೆ ಆಗುವ ನಷ್ಟಕ್ಕಿಂತ ಬಹಳ ಕಡಿಮೆ.

ಎರಡನೆಯದು ಕೊಕ್ಕೆ. ಗೊರಸು ಕೆರೆಯುವ ಈ ಸಾಧನವನ್ನು ಕೊಳ್ಳಬೇಕಾಗಿಲ್ಲ. ಕಮ್ಮಾರನು ಹಳೆಯ ಅರದ ತುಂಡನ್ನು ಕಾಯಿಸಿ ಬಗ್ಗಿಸಿ ಕೊಡುತ್ತಾನೆ. ಮೊನೆ ಮೊಂಡಾಗಿರಬೇಕು. ಗಾಡಿ ಕಟ್ಟುವ ಮುನ್ನ ಒಮ್ಮೆ, ಬಿಚ್ಚಿದ ಮೇಲೆ ಒಮ್ಮೆ, ನಾಲ್ಕು ಕಾಲುಗಳನ್ನೂ ಎತ್ತಿ ನೋಡಬೇಕು. ಕುದುರೆಯ ಭುಜದ ಬಳಿ, ಅದರ ಬಾಲದ ಕಡೆಗೆ ಮುಖಮಾಡಿ ನಿಂತು, ಮಾತನಾಡಿಸುತ್ತ, ಕೈಯನ್ನು ಭುಜದಿಂದ ಕೆಳಕ್ಕೆ ಸವರುತ್ತ ಹೋಗಿ, ಕಾಲಿನ ಹಿಂಬದಿಯ ನರವನ್ನು ಮೆಲ್ಲಗೆ ಒತ್ತಿದರೆ, ಅಭ್ಯಾಸವಾದ ಕುದುರೆ ತಾನೇ ಕಾಲು ಕೊಡುತ್ತದೆ. ನೆಲಕ್ಕೆ ಮಂಡಿಯೂರಬಾರದು, ಬೆನ್ನು ಬಗ್ಗಿಸಿ ನಿಂತರೆ ಸಾಕು, ಬೇಕಾದಾಗ ಹಿಂದೆ ಸರಿಯಬಹುದು. ಕೊಕ್ಕೆಯನ್ನು ಹಿಮ್ಮಡಿಯಿಂದ ಮುಂತುದಿಯ ಕಡೆಗೆ ಎಳೆಯಬೇಕು, ಎಂದಿಗೂ ತಿರುಗುಮುರುಗಾಗಬಾರದು. ಕೈ ಜಾರಿದರೆ ಮೊನೆ ಮೆತ್ತೆಯ ಮೃದುವಾದ ಸಂದಿಗೆ ನೆಡುತ್ತದೆ. ಎರಡು ಗೆರೆಗಳನ್ನೂ ನಡುವಿನ ಸೀಳನ್ನೂ ಬಿಡಿಸಿ, ಒರಟು ಕುಂಚದಿಂದ ಗುಡಿಸಿ, ಒಣ ಬಟ್ಟೆಯಿಂದ ಒರೆಸಬೇಕು. ಆಮೇಲೆ ನೋಡಬೇಕು, ಮೂಸಬೇಕು, ಮುಟ್ಟಬೇಕು. ಒಂದು ಗೊರಸು ಇನ್ನೊಂದಕ್ಕಿಂತ ಬಿಸಿಯಾಗಿದೆಯೆ? ಪಾದದ ಗಿಣ್ಣಿನ ಹಿಂಬದಿಯಲ್ಲಿ ಬೆರಳಿಟ್ಟಾಗ ನಾಡಿ ಎಂದಿಗಿಂತ ಬಲವಾಗಿ ಬಡಿಯುತ್ತಿದೆಯೆ? ಲಾಳ ಒಂದು ಕಡೆ ಎದ್ದಿದೆಯೆ? ಎಲ್ಲ ಸೇರಿ ಐದು ನಿಮಿಷದ ಕೆಲಸ. ಗಾಡಿಯ ಹಿತ್ತಾಳೆಗೆ ಹೊಳಪು ಕೊಡಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಮಳೆಯಲ್ಲಿ ಬಂದ ದಿನ ಕೆಸರನ್ನು ತೊಳೆಯಬೇಕಾದೀತು, ತೊಳೆಯಲಿ. ಆದರೆ ಒರೆಸದೆ ಬಿಡಬಾರದು. ದಿನವೂ ನೆನೆದು ದಿನವೂ ಒಣಗುವ ಗೊರಸು ಬಿರುಕು ಬಿಡುತ್ತದೆ. ಎಣ್ಣೆಯ ವಿಚಾರದಲ್ಲಿ ನನಗೂ ಟಾಂಗಾದವರಿಗೂ ಯಾವಾಗಲೂ ವಾದ. ಹಬ್ಬದ ದಿನ ಗೊರಸಿಗೆ ಕಪ್ಪು ಬಳಿದು ಮಿಂಚಿಸುವುದು ಅವರಿಗೆ ಇಷ್ಟ. ಚೆಂದ ಕಾಣುವುದೇನೋ ನಿಜ. ವಾಹನಗಳಿಂದ ತೆಗೆದ ಹಳೆಯ ಎಂಜಿನ್ ಎಣ್ಣೆಯನ್ನು ಮಾತ್ರ ಯಾರೂ ಹಚ್ಚಬಾರದು. ಕೊಳೆತ ಸಂದಿನ ಮೇಲೆ ಅದನ್ನು ಬಳಿದರೆ ಕೊಳೆಗೆ ಮುಚ್ಚಳ ಹಾಕಿದಂತಾಗುತ್ತದೆ. ಮೆತ್ತೆ ಕೊಳೆಯಲು ತೊಡಗಿದ್ದರೆ ಮೊದಲು ಸತ್ತ ಭಾಗವನ್ನು ತಿಳಿದವರಿಂದ ತೆಗೆಸಿ, ಸಂದನ್ನು ಒಣಗಿಸಿ, ಆಮೇಲೆ ಅಯೋಡಿನ್ ದ್ರಾವಣವನ್ನೊ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮೈಲುತುತ್ತದ ನೀರನ್ನೊ ಹತ್ತಿಯಲ್ಲಿ ಅದ್ದಿ ಇಡಬೇಕು. ಮೈಲುತುತ್ತವನ್ನು ಗಟ್ಟಿಯಾಗಿ ಸುರಿದರೆ ಜೀವವಿರುವ ಮಾಂಸವೂ ಸುಡುತ್ತದೆ. ನೆಲ ಒಣಗದೆ ಔಷಧಿಯೊಂದೇ ಗುಣಪಡಿಸಿದ್ದನ್ನು ನಾನು ಕಂಡಿಲ್ಲ.

ತಳಕ್ಕೆ ಮೊಳೆಯೊ ಗಾಜೊ ನೆಟ್ಟಿದ್ದರೆ ಅವಸರದಿಂದ ಕೀಳದಿರುವುದು ಒಳ್ಳೆಯದು. ಎಲ್ಲಿ, ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿದೆ ಎಂಬುದನ್ನು ವೈದ್ಯರು ನೋಡಬೇಕು. ಕಾಲೂರಿದರೆ ಇನ್ನೂ ಒಳಕ್ಕೆ ಹೋಗುವಂತಿದ್ದರೆ, ಕಿತ್ತು ಆ ಜಾಗವನ್ನು ಗುರುತು ಮಾಡಿಟ್ಟುಕೊಳ್ಳಬೇಕು. ಸಾಕುಪ್ರಾಣಿಗಳಲ್ಲೆಲ್ಲ ಧನುರ್ವಾಯುವಿಗೆ ಬಹು ಬೇಗ ತುತ್ತಾಗುವುದು ಕುದುರೆ. ಅದರ ಲದ್ದಿಯಲ್ಲಿಯೇ ಆ ರೋಗದ ಬೀಜ ಇರುತ್ತದೆ. ಲಸಿಕೆಯಿದೆ. ಅದನ್ನು ಹಾಕಿಸದೆ ಮೊಳೆ ಚುಚ್ಚಿದ ಮೇಲೆ ಮಂತ್ರ ಹಾಕಿಸಿದವರನ್ನು ಬಲ್ಲೆ. ಆ ಕುದುರೆಗಳು ಉಳಿಯಲಿಲ್ಲ.

ಇನ್ನು ಲಾಳ. ಡಾಂಬರು ರಸ್ತೆಯಲ್ಲಿ ಗೊರಸು ಬೆಳೆಯುವುದಕ್ಕಿಂತ ವೇಗವಾಗಿ ಸವೆಯುತ್ತದೆ. ಹಾಗಾಗಿ ಗಾಡಿ ಎಳೆಯುವ ಕುದುರೆಗೆ ಲಾಳ ಬೇಕು. ಲಾಳ ಕಟ್ಟುವವನನ್ನು ನಾಲ್‌ಬಂದ ಎನ್ನುವುದು ಪಾರಸಿಯಿಂದ ಬಂದ ಮಾತು: ನಾಲ್ ಎಂದರೆ ಲಾಳ, ಬಂದ್ ಎಂದರೆ ಕಟ್ಟುವವನು. ಮೊಳೆ ಹೊಡೆಯುವ ಕೆಲಸಕ್ಕೆ ನಾವೂ ಅವರೂ ಕಟ್ಟುವುದು ಎಂದೇ ಹೇಳುತ್ತೇವೆ. ಗೋಡೆಗೂ ತಳಕ್ಕೂ ನಡುವೆ ತೆಳುವಾದ ಬಿಳಿಯ ಗೆರೆಯೊಂದಿದೆ. ಮೊಳೆ ಆ ಗೆರೆಯ ಹೊರಗೆ ಹೋಗಬೇಕು, ಒಳಗೆ ಹೋದರೆ ಜೀವಕ್ಕೆ ಚುಚ್ಚಿದಂತೆ. ಮೊಳೆಯ ತುದಿಯನ್ನು ಒಂದು ಮಗ್ಗುಲಿಗೆ ಓರೆಮಾಡಿರುವುದರಿಂದ ಅದು ಹೊರಕ್ಕೆ ಬಾಗುತ್ತ ಗೋಡೆಯನ್ನು ತೂರಿ ಬರುತ್ತದೆ. ಬಂದ ತುದಿಯನ್ನು ಮುರಿದು ಮಡಚಿ ಅರದಿಂದ ಸಮಮಾಡುತ್ತಾರೆ. ಒಳ್ಳೆಯ ನಾಲ್‌ಬಂದನು ಮೊಳೆ ಸರಿಯಾಗಿ ಹೋಗುತ್ತಿದೆಯೆ ಎಂಬುದನ್ನು ಸುತ್ತಿಗೆಯ ದನಿಯಿಂದಲೇ ತಿಳಿಯುತ್ತಾನೆ. ಅವನು ಲಾಳವನ್ನು ಗೊರಸಿಗೆ ಹೊಂದಿಸುತ್ತಾನೆ. ಕೈಯಲ್ಲಿರುವ ಲಾಳಕ್ಕೆ ಗೊರಸನ್ನು ಕೆತ್ತಿ ಹೊಂದಿಸುವವನು ಆ ಹೆಸರಿಗೆ ಯೋಗ್ಯನಲ್ಲ.

ಲಾಳವನ್ನು ಯಾವಾಗ ಬದಲಿಸಬೇಕು ಎಂಬುದರಲ್ಲಿಯೇ ಹೆಚ್ಚಿನ ತಪ್ಪಾಗುವುದು. “ಇನ್ನೂ ಸವೆದಿಲ್ಲವಲ್ಲ ಸ್ವಾಮಿ, ಒಂದು ತಿಂಗಳು ಓಡ್ತದೆ” ಎನ್ನುವ ಮಾತನ್ನು ನೂರಾರು ಸಲ ಕೇಳಿದ್ದೇನೆ. ಕಬ್ಬಿಣ ಸವೆಯದಿರಬಹುದು, ಗೊರಸು ಬೆಳೆಯುವುದು ನಿಲ್ಲುವುದಿಲ್ಲ. ಆರು ವಾರದಲ್ಲಿ ಮುಂತುದಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ಉದ್ದವಾಗಿರುತ್ತದೆ. ಲಾಳ ಅದರೊಡನೆ ಮುಂದೆ ಸರಿದು, ಹಿಮ್ಮಡಿಗೆ ಆಸರೆ ತಪ್ಪಿ, ಕಾಲಿನ ಹಿಂಬದಿಯ ನರಗಳ ಮೇಲೆ ಜಗ್ಗಾಟ ಬೀಳುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಬೆಳೆದದ್ದನ್ನು ಕತ್ತರಿಸಿ, ಲಾಳ ಇನ್ನೂ ಗಟ್ಟಿಯಿದ್ದರೆ ಅದನ್ನೇ ಮತ್ತೆ ಹೊಡೆಯಬಹುದು. ನುಣ್ಣಗೆ ಸವೆದ ಲಾಳ ಬೇರೊಂದು ಅಪಾಯ. ವರ್ಷದ ಮೊದಲ ಮಳೆ ಡಾಂಬರಿನ ಮೇಲೆ ಬಿದ್ದ ದಿನ ಅದು ಬೆಣ್ಣೆಯ ಮೇಲಿಟ್ಟ ಹೆಜ್ಜೆ.

ಈ ಕಸುಬುದಾರರು ಈಗ ಎಷ್ಟು ಜನ ಉಳಿದಿದ್ದಾರೆ? ಟಾಂಗಾಗಳು ಕಡಿಮೆಯಾದಂತೆ ನಾಲ್‌ಬಂದರ ಮಕ್ಕಳು ಬೇರೆ ಉದ್ಯೋಗಕ್ಕೆ ಹೋದರು. ಹೋದದ್ದು ತಪ್ಪೆಂದು ಹೇಳಲು ನನಗೆ ಅಧಿಕಾರವಿಲ್ಲ. ಸಂತೆಗಳಲ್ಲಿ ಎತ್ತಿಗೆ ಲಾಳ ಕಟ್ಟುವವರನ್ನು ಕರೆಸಿ ಕುದುರೆಗೆ ಕಟ್ಟಿಸುವುದನ್ನು ಕಂಡಿದ್ದೇನೆ. ಎತ್ತಿನ ಗೊರಸು ಸೀಳಿದ್ದು. ಅದಕ್ಕೆ ಎರಡು ತುಂಡು ತಗಡು, ಎತ್ತನ್ನು ಕೆಡವಿ ಕಾಲು ಕಟ್ಟಿ ಹೊಡೆಯುತ್ತಾರೆ. ಕುದುರೆಗೆ ನಿಂತಂತೆಯೇ ಕಟ್ಟಬೇಕು, ಅದು ನಿಂತ ಬಗೆಯನ್ನು ನೋಡಿ ಕಟ್ಟಬೇಕು. ಎರಡೂ ಒಂದೇ ವಿದ್ಯೆಯಲ್ಲ. 13ನೆಯ ಶತ‍ಮಾನದ ಕೊನೆಯಲ್ಲಿ ದಕ್ಷಿಣದ ಪಾಂಡ್ಯರ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಒಂದು ಕಠೋರವಾದ ಸಂಗತಿಯನ್ನು ಬರೆದಿದ್ದಾನೆ. ಹಡಗುಗಳಲ್ಲಿ ಬಂದ ಅರಬ್ಬೀ ಕುದುರೆಗಳು ಇಲ್ಲಿ ಬಹುಬೇಗ ಸಾಯುತ್ತಿದ್ದವಂತೆ. ಲಾಳ ಕಟ್ಟಿ ಮದ್ದು ಮಾಡುವ ಕಸುಬಿನವರು ಇಲ್ಲದ್ದರಿಂದ. ಕುದುರೆ ಮಾರುವ ವರ್ತಕರು ಅಂತಹವರನ್ನು ತಾವೂ ಕರೆತರುತ್ತಿರಲಿಲ್ಲ, ಬರಗೊಡುತ್ತಲೂ ಇರಲಿಲ್ಲ. ಕುದುರೆ ಬದುಕಿದರೆ ಮರುವರ್ಷದ ವ್ಯಾಪಾರ ಕೆಡುತ್ತದಲ್ಲವೆ! ಎರಡು ಶತಮಾನಗಳಾದ ಮೇಲೆ ವಿಜಯನಗರದ ಅರಸರು ಭಟ್ಕಳ, ಗೋವೆಗಳ ದಾರಿಯಿಂದ ಕುದುರೆಗಳನ್ನು ತರಿಸುತ್ತಿದ್ದರು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಹಂಪೆಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಸಾಲುಸಾಲಾಗಿ ನಡೆಯುವ ಆ ಕುದುರೆಗಳನ್ನು ಈಗಲೂ ನೋಡಬಹುದು. ಮೆರವಣಿಗೆಯ ವೈಭವವನ್ನು ನೋಡುವಾಗ, ಪ್ರತಿವರ್ಷ ಅಷ್ಟು ಕೊಳ್ಳಬೇಕಾಗಿ ಬಂದದ್ದು ಏಕೆ ಎಂಬ ಪ್ರಶ್ನೆ ವೈದ್ಯನಾದವನಿಗೆ ಬಾರದಿರದು.

ಕುದುರೆಯಿಲ್ಲದವರಿಗೆ, ಎಂದರೆ ನಿಮ್ಮಲ್ಲಿ ಬಹುಮಂದಿಗೆ, ಇದರಲ್ಲಿ ಮಾಡುವುದೇನೂ ಇಲ್ಲವೆಂದಲ್ಲ. ದಸರೆಯಲ್ಲಿ ಪಾರಂಪರಿಕ ಟಾಂಗಾ ಸವಾರಿ ಏರ್ಪಡಿಸುವುದುಂಟು; ನೆಂಟರು ಬಂದರೆ ಮಕ್ಕಳನ್ನು ಟಾಂಗಾದಲ್ಲಿ ಕೂರಿಸುತ್ತೇವೆ. ಹತ್ತುವ ಮೊದಲು ಕುದುರೆಯನ್ನು ಒಂದು ನಿಮಿಷ ನೋಡಿ. ಹಿಂಗಾಲೊಂದನ್ನು ಮಡಚಿ ನಿಂತಿದ್ದರೆ ಅದು ವಿಶ್ರಾಂತಿ. ಮುಂಗಾಲೊಂದನ್ನು ಮುಂದಕ್ಕಿಟ್ಟು ಭಾರ ಹಾಕದೆ ನಿಂತಿದ್ದರೆ ಅದು ನೋವು. ಓಡುವಾಗ ತಲೆ ಒಂದೇ ಸಮನಾಗಿರಬೇಕು. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲಕ್ಕೆ ಹಾರುತ್ತದೆ, ಒಳ್ಳೆಯ ಕಾಲು ಮುಟ್ಟಿದಾಗ ಕೆಳಕ್ಕೆ ಬರುತ್ತದೆ. ಕಣ್ಣು ಮುಚ್ಚಿಯೂ ಪರೀಕ್ಷಿಸಬಹುದು. ನಡಿಗೆಯಲ್ಲಿ ನಾಲ್ಕು ಪೆಟ್ಟು, ಜೋಡುಹೆಜ್ಜೆಯ ಓಟದಲ್ಲಿ ಎರಡು. ಪೆಟ್ಟುಗಳ ನಡುವಿನ ಅಂತರವೂ ಅವುಗಳ ತೂಕವೂ ಸಮವಾಗಿರಬೇಕು. ಒಂದು ಪೆಟ್ಟು ಮೆತ್ತಗಾದರೆ ಆ ಕಾಲನ್ನು ಕುದುರೆ ಕಾಪಾಡಿಕೊಳ್ಳುತ್ತಿದೆ. ತಾಳ ತಪ್ಪುವುದನ್ನು ಕಚೇರಿಯಲ್ಲಿ ಕುಳಿತು ಹಿಡಿಯಬಲ್ಲ ಮೈಸೂರಿನ ಕಿವಿಗಳಿಗೆ ಇದು ಕಷ್ಟವಲ್ಲ. ಲಾಳ ಸಡಿಲವಾಗಿದ್ದರೆ ಪೆಟ್ಟಿನ ಹಿಂದೆ ಚಿಲಕ ಅಲುಗಿದಂತಹ ಒಂದು ಸಣ್ಣ ದನಿ ಬರುತ್ತದೆ. ಗಾಡಿಯವರಿಗೆ ಹೇಳಿ, ಅವರು ಸಿಟ್ಟಾಗುವುದಿಲ್ಲ. ಮೊಳೆ ಮಡಿಕೆ ಬಿಟ್ಟದ್ದು ಲಗಾಮು ಹಿಡಿದು ಕುಳಿತವನಿಗೆ ಕಾಣುವುದಿಲ್ಲ.

ಕುಂಟುವ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆ ಸರಿಯಾದುದೇ. ಆದರೆ ಗೊರಸಿನೊಳಗೆ ಕೀವು ಕಟ್ಟಿದ ಕುದುರೆ ಹತ್ತು ಹದಿನೈದು ದಿನ ನಿಂತರೆ ಆ ಮನೆಯ ಒಲೆಗೂ ಅಷ್ಟೇ ದಿನ ಕಷ್ಟ. ನಿಂತ ಕುದುರೆಗೂ ಹುಲ್ಲು ಬೇಕು. ನಾಲ್ಕನೆಯ ದಿನವೇ ಗಾಡಿ ಕಟ್ಟಲು ಒಡೆಯನ ಕೈ ಏಳುವುದು ಕ್ರೌರ್ಯದಿಂದಲ್ಲ. ದಂಡ ಹಾಕುವ ಇಲಾಖೆಯೊಂದಿಗೆ, ತಿಂಗಳಿಗೊಮ್ಮೆ ಟಾಂಗಾ ನಿಲ್ದಾಣಕ್ಕೇ ಬಂದು ಗೊರಸು ಕತ್ತರಿಸಿ ಲಾಳ ಕಟ್ಟುವ ಒಬ್ಬ ತರಬೇತಾದ ನಾಲ್‌ಬಂದನನ್ನೂ ನಗರ ಇಟ್ಟುಕೊಳ್ಳುವುದಾದರೆ, ದಂಡದ ಪ್ರಮೇಯ ಬಹಳ ಮಟ್ಟಿಗೆ ತಪ್ಪುತ್ತದೆಂದು ನನ್ನ ಅಭಿಪ್ರಾಯ. ಅಶ್ವಾರೋಹಿ ದಳದ ನೆಲೆಯೂ ಪಂದ್ಯದ ಲಾಯಗಳೂ ಇದೇ ಊರಿನಲ್ಲಿರುವಾಗ ವಿದ್ಯೆ ಕಲಿಸುವವರಿಗಾಗಿ ದೂರ ಹುಡುಕಬೇಕಾಗಿಲ್ಲ.

ಮೇವಿನ ಮಾತು ಎರಡೇ. ಗೊರಸು ಮಾಡಲ್ಪಡುವುದು ಕೂದಲಿನ ದ್ರವ್ಯದಿಂದ. ಹುರುಳಿಯೊಡನೆ ಹಸಿ ಹುಲ್ಲು, ಸಾಧ್ಯವಾದರೆ ಸ್ವಲ್ಪ ಕುದುರೆಮೆಂತೆ ಸಿಗುವ ಕುದುರೆಯ ಗೋಡೆ ಗಟ್ಟಿಯಾಗುತ್ತದೆ. ಬಯೊಟಿನ್ ಎಂಬ ಜೀವಸತ್ವವನ್ನು ತಿಂಗಳುಗಟ್ಟಲೆ ಕೊಟ್ಟರೆ ಬಿರಿಯುವ ಗೊರಸು ಸುಧಾರಿಸುತ್ತದೆ. ಆದರೆ ಇಂದು ತಿನ್ನಿಸಿದ್ದು ನೆಲ ಮುಟ್ಟಲು ಮುಂದಿನ ವರ್ಷವೇ ಬರಬೇಕು. ವಾರದಲ್ಲಿ ಫಲ ಕೇಳುವವರು ಹಣ ಕಳೆದುಕೊಳ್ಳುತ್ತಾರೆ.

ಕೊನೆಯದಾಗಿ ಮರಿಗಳ ವಿಚಾರ. ಕಾಲು ಕೊಡದ ಕುದುರೆಯ ಗೊರಸನ್ನು ಯಾರೂ ದಿನವೂ ಕೆರೆಯಲಾರರು. ಮೂಗಿಗೆ ಹಗ್ಗ ತಿರುವಿ, ನಾಲ್ವರು ಹಿಡಿದು ಮಾಡುವ ಕೆಲಸ ತಿಂಗಳಿಗೊಮ್ಮೆಯೂ ನಡೆಯುವುದಿಲ್ಲ. ಆದುದರಿಂದ ಮರಿ ಹುಟ್ಟಿದ ಕೆಲವು ವಾರಗಳಲ್ಲಿಯೇ, ತಾಯಿಯ ಪಕ್ಕದಲ್ಲಿ, ದಿನಕ್ಕೊಮ್ಮೆ ಅದರ ಕಾಲನ್ನು ಸವರಿ, ಒಂದು ಕ್ಷಣ ಎತ್ತಿ, ಅದು ಎಳೆದುಕೊಳ್ಳುವ ಮೊದಲೇ ಕೆಳಗಿಡಬೇಕು. ಮೊದಲು ಮುಂಗಾಲು, ಆಮೇಲೆ ಹಿಂಗಾಲು. ಒಂದು ಕ್ಷಣ ಎರಡಾಗಲಿ, ಎರಡು ಹತ್ತಾಗಲಿ. ಗೊರಸಿನ ತಳಕ್ಕೆ ಅಂಗೈಯಿಂದ ಮೆಲ್ಲಗೆ ತಟ್ಟಬೇಕು, ಮುಂದೆ ಸುತ್ತಿಗೆಯ ಪೆಟ್ಟಿಗೆ ಬೆದರದಂತೆ. ಈ ಕೆಲಸಕ್ಕೆ ಮನೆಯ ಹುಡುಗರನ್ನು ಹಾಕಿದರೆ ಒಳ್ಳೆಯದು. ಅವರಿಗೆ ಬಿಡುವಿರುತ್ತದೆ, ಮರಿಗೂ ಅವರ ಎತ್ತರ ಹೊಂದುತ್ತದೆ. ಮೂರನೆಯ ವರ್ಷದಲ್ಲಿ ಮೊದಲ ಲಾಳಕ್ಕೆ ನಿಲ್ಲಿಸಿದಾಗ ಅಂತಹ ಕುದುರೆ ಭುಜದ ಮೇಲೆ ಕೈಯಿಟ್ಟ ಕೂಡಲೆ ತಾನಾಗಿಯೇ ಕಾಲೆತ್ತಿ ಹಿಡಿಯುತ್ತದೆ.